ಮನೆಯಲ್ಲಿ ಹೆಬ್ಬಾವು ಇದ್ದರೆ ಮನೆಗೆ ವಿಮೆ ಸಿಗುತ್ತದೆಯೇ? ಅಮೆರಿಕದಲ್ಲಿ ನೆಲೆಸಿದವರಿಗೆ ಒಂದು ವಿವರಣೆ

ಅಮೆರಿಕದಲ್ಲಿ ಸಾಲ ತೆಗೆದು ಮನೆ ಕೊಳ್ಳುವವರಿಗೆ ಮನೆ ವಿಮೆ ಬೇಕೋ ಬೇಡವೋ ಎಂಬ ಆಯ್ಕೆಯಿಲ್ಲ. ಸರ್ಕಾರ ಕೇಳದಿದ್ದರೂ ಸಾಲ ಕೊಡುವ ಬ್ಯಾಂಕು ಕೇಳುತ್ತದೆ. ವಿಮೆಯ ಕಾಗದ ತೋರಿಸದೆ ಕ್ಲೋಸಿಂಗ್, ಅಂದರೆ ಮನೆ ಕೈಬದಲಾಗುವ ಕೊನೆಯ ವ್ಯವಹಾರ, ನಡೆಯುವುದಿಲ್ಲ. ಆ ವಿಮೆಯ ಅರ್ಜಿಯಲ್ಲಿ ಛಾವಣಿಗೆ ಎಷ್ಟು ವರ್ಷವಾಯಿತು, ಈಜುಕೊಳ ಇದೆಯೇ, ಟ್ರ್ಯಾಂಪೊಲೀನ್ ಇದೆಯೇ ಎಂಬ ಪ್ರಶ್ನೆಗಳ ನಡುವೆ ಇನ್ನೊಂದು ಪ್ರಶ್ನೆ ಕೂತಿರುತ್ತದೆ: ಮನೆಯಲ್ಲಿ ಯಾವುದಾದರೂ ಪ್ರಾಣಿ ಅಥವಾ ಎಕ್ಸಾಟಿಕ್ (ನಾಯಿ, ಬೆಕ್ಕಿನಂತೆ ಸಾಮಾನ್ಯವಲ್ಲದ) ಸಾಕುಪ್ರಾಣಿ ಇದೆಯೇ? ಎಡಿಸನ್‌ನಲ್ಲೋ ಫ್ರೀಮಾಂಟ್‌ನಲ್ಲೋ ಪ್ಲೇನೋದಲ್ಲೋ ಮನೆ ಹಿಡಿಯಲು ಹೊರಟ ಕನ್ನಡ ಕುಟುಂಬದ ಪೆನ್ನು ಇಲ್ಲಿ ನಿಲ್ಲುವುದುಂಟು. ಮಗನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು ಇದೆ, ಅಥವಾ ಹಾಲ್‌ನಲ್ಲಿ ಮಕಾವ್ ಎಂಬ ದೊಡ್ಡ ಗಿಳಿ ಕೂಗುತ್ತಿದೆ. ಹೌದು ಎಂದು ಬರೆದರೆ ವಿಮೆ ತಪ್ಪುತ್ತದೆಯೇ? ಇಲ್ಲ ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ?

ಕೆಲವು ವರ್ಷಗಳ ಹಿಂದೆ ಇದು ಅಷ್ಟು ದೊಡ್ಡ ಪ್ರಶ್ನೆಯಾಗಿರಲಿಲ್ಲ. ಈಗ ವಿಮೆ ಕಂಪನಿಗಳೇ ಗಿರಾಕಿಗಳನ್ನು ಆರಿಸಿಕೊಳ್ಳುತ್ತಿವೆ. 2023ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಎಂಬ ದೊಡ್ಡ ವಿಮೆ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆ ವಿಮೆಯ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕಾಳ್ಗಿಚ್ಚು, ಚಂಡಮಾರುತಗಳ ಲೆಕ್ಕದಲ್ಲಿ ಮೊದಲೇ ಹಿಂಜರಿಯುವ ಕಂಪನಿಗೆ ಹಾವು, ಕೋತಿ, ಓತಿಗಳು ಬೇಡ ಎನ್ನಲು ಇನ್ನೊಂದು ನೆಪವಾಗುತ್ತವೆ.

ಒಂದೇ ಪಾಲಿಸಿ, ಒಳಗೆ ಎರಡು ವಿಮೆ

ನಮ್ಮ ಊರಿನ ಕಾರು ವಿಮೆಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ನಮ್ಮ ಗಾಡಿಗೆ ಆದ ಹಾನಿಗೆ ಒಂದು ಭಾಗ, ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ ಎಂಬ ಇನ್ನೊಂದು ಭಾಗ. ಅಮೆರಿಕದ ಮನೆ ವಿಮೆಯೂ ಹೀಗೆಯೇ. ಸಾಕುಪ್ರಾಣಿಯ ತಕರಾರು ಹೆಚ್ಚುಕಡಿಮೆ ಪೂರ್ತಿ ಬರುವುದು ಎರಡನೆಯ ಭಾಗದಲ್ಲಿ.

ಸ್ವಂತ ಮನೆಗೆ ಹೆಚ್ಚಾಗಿ ಸಿಗುವುದು ಎಚ್‌ಓ-3 ಎಂಬ ನಮೂನೆಯ ಪಾಲಿಸಿ. ಅದರಲ್ಲಿ ಎ ಯಿಂದ ಎಫ್ ವರೆಗೆ ಆರು ಕವರೇಜ್‌ಗಳಿರುತ್ತವೆ. ಎ ಎಂದರೆ ಮನೆಯ ಕಟ್ಟಡ, ಬಿ ಎಂದರೆ ಹಿತ್ತಲ ಶೆಡ್ಡು, ಬೇಲಿ ಇತ್ಯಾದಿ, ಸಿ ಎಂದರೆ ಮನೆಯ ಸಾಮಾನು, ಡಿ ಎಂದರೆ ಮನೆ ವಾಸಯೋಗ್ಯವಲ್ಲದಾಗ ಹೊರಗೆ ಇರುವ ಖರ್ಚು. ನಮಗೆ ಇಲ್ಲಿ ಮುಖ್ಯವಾದವು ಕೊನೆಯ ಎರಡು. ಕವರೇಜ್ ಇ ಎಂದರೆ ಲಯಬಿಲಿಟಿ, ಅಂದರೆ ಬೇರೆಯವರಿಗೆ ಆದ ಗಾಯಕ್ಕೋ ನಷ್ಟಕ್ಕೋ ನೀವು ಹೊಣೆಯಾದಾಗ ಕಂಪನಿ ಕೊಡುವ ಹಣ. ಇದು ಸಾಮಾನ್ಯವಾಗಿ 1,00,000 ಡಾಲರಿನಿಂದ ಶುರುವಾಗುತ್ತದೆ. ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಟ್ಟರೆ 3,00,000 ಅಥವಾ 5,00,000ಕ್ಕೆ ಏರಿಸಿಕೊಳ್ಳಬಹುದು. ಕವರೇಜ್ ಎಫ್ ಎಂದರೆ ಮೆಡಿಕಲ್ ಪೇಮೆಂಟ್ಸ್. ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲದೆ, ಗಾಯಗೊಂಡ ಅತಿಥಿಯ ಆಸ್ಪತ್ರೆ ಬಿಲ್ಲಿಗೆ 1,000ದಿಂದ 5,000 ಡಾಲರ್‌ವರೆಗೆ ಕೊಡುವ ಸಣ್ಣ ಮೊತ್ತ ಅದು.

ಲಯಬಿಲಿಟಿಯಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ನಿಮ್ಮ ಮೇಲೆ ದಾವೆ ಬಿದ್ದರೆ ವಕೀಲರನ್ನು ಇಟ್ಟು ವಾದ ಮಾಡಿಸುವ ಖರ್ಚೂ ಕಂಪನಿಯದೇ, ಅದೂ ಪಾಲಿಸಿಯ ಮಿತಿಯ ಮೇಲೆ ಹೆಚ್ಚುವರಿಯಾಗಿ. ನಿಮ್ಮ ಪ್ರಾಣಿಯನ್ನು ಪಾಲಿಸಿಯಿಂದ ಹೊರಗಿಟ್ಟಿದ್ದರೆ ಪರಿಹಾರದ ಹಣವೂ ಇಲ್ಲ, ವಕೀಲರೂ ಇಲ್ಲ. ದಾವೆ ಕೊನೆಗೆ ಬಿದ್ದುಹೋದರೂ ವಕೀಲರ ಫೀಸು ನಿಮ್ಮ ಕೈಯಿಂದಲೇ.

ಹಾಗಾದರೆ ಪ್ರಾಣಿಗೇ ಏನಾದರೂ ಆದರೆ? ಎಚ್‌ಓ-3ರ ಸಾಮಾನಿನ ಭಾಗದಲ್ಲಿ ಪ್ರಾಣಿ, ಪಕ್ಷಿ, ಮೀನು ಸೇರುವುದಿಲ್ಲ ಎಂದು ನೇರವಾಗಿಯೇ ಬರೆದಿದೆ. ಬೆಂಕಿಯಲ್ಲಿ ಗಾಜಿನ ಪೆಟ್ಟಿಗೆ, ದೀಪ, ಥರ್ಮೋಸ್ಟಾಟ್ ಸುಟ್ಟರೆ ಹಣ ಬರುತ್ತದೆ. ಸಾವಿರಾರು ಡಾಲರಿನ ಮಕಾವ್ ಸತ್ತರೆ ಬರುವುದಿಲ್ಲ. ಹಾಗೆಯೇ ನೀವು ಸಾಕಿದ ಪ್ರಾಣಿ ನಿಮ್ಮದೇ ಮನೆಗೆ ಮಾಡಿದ ಹಾನಿಗೂ ಪರಿಹಾರವಿಲ್ಲ. ಇಗ್ವಾನಾ ಎಂಬ ದೊಡ್ಡ ಓತಿ ಗೋಡೆ ಪರಚಿದ್ದು, ಗಿಳಿ ಬಾಗಿಲ ಚೌಕಟ್ಟು ಕಡಿದದ್ದು ನಿಮ್ಮ ಖರ್ಚು. ಪ್ರಾಣಿಯ ಚಿಕಿತ್ಸೆಗೆ ಪೆಟ್ ಇನ್ಶೂರೆನ್ಸ್ ಎಂಬುದು ಪ್ರತ್ಯೇಕ. ನೇಷನ್‌ವೈಡ್‌ನಂಥ ಕಂಪನಿ ಹಕ್ಕಿ ಮತ್ತು ಎಕ್ಸಾಟಿಕ್‌ಗಳಿಗೂ ಅದನ್ನು ಮಾರಿದೆ. ಅದು ಇದ್ದರೆ ನೆರೆಯವರ ಮಗುವಿಗೆ ಕಚ್ಚಿದ್ದಕ್ಕೂ ಆಗುತ್ತದೆ ಎಂದುಕೊಳ್ಳುವುದು ತಪ್ಪು.

ಎಕ್ಸಾಟಿಕ್ ಎಂದು ಯಾರು ತೀರ್ಮಾನಿಸುತ್ತಾರೆ?

ಎಲ್ಲ ಕಂಪನಿಗಳಿಗೂ ಒಂದೇ ಪಟ್ಟಿ ಇಲ್ಲ. ಕೆಲವರಿಗೆ ನಾಯಿ, ಬೆಕ್ಕು ಬಿಟ್ಟು ಉಳಿದದ್ದೆಲ್ಲ ಎಕ್ಸಾಟಿಕ್. ಕೆಲವರು ಗಿನಿ ಪಿಗ್, ಹ್ಯಾಮ್‌ಸ್ಟರ್, ಸಣ್ಣ ಹಕ್ಕಿ, ಮೀನುಗಳನ್ನು ತಲೆಕೆಡಿಸಿಕೊಳ್ಳದೆ ಬಿಡುತ್ತಾರೆ. ವಿಷದ ಹಾವು, ಕೋತಿ, ಮೊಸಳೆ ಜಾತಿ, ದೊಡ್ಡ ಬೆಕ್ಕು, ತೋಳದ ಮಿಶ್ರತಳಿ ನಾಯಿ ಎಂದರೆ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಬಾಗಿಲು ಮುಚ್ಚುತ್ತವೆ. ನಡುವೆ ಇರುವವುಗಳದ್ದೇ ಪೇಚು: ಬಾಲ್ ಪೈಥಾನ್, ಬೋವಾ ಹಾವು, ಇಗ್ವಾನಾ, ಟೇಗು ಎಂಬ ದೊಡ್ಡ ಓತಿ, ಫೆರೆಟ್ ಎಂಬ ಉದ್ದ ಮೈಯ ಸಣ್ಣ ಸಸ್ತನಿ, ಮಕಾವ್, ಕಾಕಟೂ ಗಿಳಿ. ಒಂದು ಕಂಪನಿ ನಾಲ್ಕು ಅಡಿಯ ಬಾಲ್ ಪೈಥಾನ್‌ಗೆ ಸರಿ ಎನ್ನುತ್ತದೆ, ಪಕ್ಕದ ಕಂಪನಿ ಯಾವ ಹಾವೂ ಬೇಡ ಎನ್ನುತ್ತದೆ. ಆದ್ದರಿಂದ ನನ್ನ ಪ್ರಾಣಿ ಸಾಧು ಎಂದು ಏಜೆಂಟರಿಗೆ ಮನವರಿಕೆ ಮಾಡಿಕೊಡಲು ಹೊರಡುವುದು ವ್ಯರ್ಥ. ವಿಮೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಂಡರ್‌ರೈಟರ್ ನೋಡುವುದು ಜಾತಿ, ಉದ್ದ, ತೂಕ, ಸಂಖ್ಯೆ ಮತ್ತು ಹಿಂದೆ ಯಾರಿಗಾದರೂ ಕಚ್ಚಿದೆಯೇ ಎಂಬುದನ್ನು.

ಕಂಪನಿಗಳಿಗೆ ಇಷ್ಟು ಹೆದರಿಕೆ ಏಕೆ?

ಕಾರಣ ಕಾನೂನಿನಲ್ಲಿದೆ. ಸಾಮಾನ್ಯ ಅಪಘಾತದಲ್ಲಿ ಗಾಯಗೊಂಡವರು ಮನೆಯವರ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಕಾಡುಪ್ರಾಣಿಯ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳು ಬಹುಮಟ್ಟಿಗೆ ಪಾಲಿಸುವ ಸಾಂಪ್ರದಾಯಿಕ ನಿಯಮ ಬೇರೆ: ಸಾಕಿದವನು ಎಷ್ಟೇ ಎಚ್ಚರ ವಹಿಸಿದ್ದರೂ ಅದರಿಂದಾದ ಗಾಯಕ್ಕೆ ಅವನೇ ಹೊಣೆ. ಇದನ್ನು ಸ್ಟ್ರಿಕ್ಟ್ ಲಯಬಿಲಿಟಿ ಎನ್ನುತ್ತಾರೆ. ಎರಡು ಬೀಗ ಹಾಕಿದ್ದೆ, ಬೋರ್ಡ್ ತೂಗುಹಾಕಿದ್ದೆ, ಹತ್ತು ವರ್ಷದಿಂದ ಯಾರಿಗೂ ಏನೂ ಮಾಡಿರಲಿಲ್ಲ ಎಂಬ ಮಾತುಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ವಾದ ಮಾಡಲು ದಾರಿಯೇ ಇಲ್ಲದ ಮೊಕದ್ದಮೆಯನ್ನು ಯಾವ ವಿಮೆ ಕಂಪನಿ ತಾನಾಗಿ ಮೈಮೇಲೆ ಎಳೆದುಕೊಳ್ಳುತ್ತದೆ?

ಮೊತ್ತಗಳೂ ಸಣ್ಣವಲ್ಲ. 2009ರಲ್ಲಿ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಮನೆಯಲ್ಲಿ ಸಾಕಿದ ಚಿಂಪಾಂಜಿ ಒಡತಿಯ ಗೆಳತಿಯ ಮೇಲೆ ಬಿದ್ದು ಮುಖ, ಕೈಗಳನ್ನು ಹಾಳುಗೆಡವಿತು. 2012ರಲ್ಲಿ, ಆ ಹೊತ್ತಿಗೆ ತೀರಿಕೊಂಡಿದ್ದ ಒಡತಿಯ ಆಸ್ತಿ ನೋಡಿಕೊಳ್ಳುವವರ ಜತೆ ಸುಮಾರು 40 ಲಕ್ಷ ಡಾಲರಿಗೆ ರಾಜಿಯಾಯಿತು. ಇದು ತೀರಾ ವಿರಳ ಪ್ರಕರಣ, ನಿಜ. ಆದರೆ 1,00,000 ಡಾಲರಿನ ಮಿತಿ ಎಷ್ಟು ಬೇಗ ಮುಗಿದುಹೋಗುತ್ತದೆ ಎಂದು ತಿಳಿಯಲು ಚಿಂಪಾಂಜಿಯೇ ಬೇಕಿಲ್ಲ. ಮಗುವಿನ ಬೆರಳಿನ ನರ ತುಂಡರಿಸಿದ ಗಿಳಿಯ ಕಡಿತ, ಒಂದು ಶಸ್ತ್ರಚಿಕಿತ್ಸೆ, ನಂತರದ ಫಿಸಿಯೊಥೆರಪಿ, ಜತೆಗೆ ನೋವಿಗೆ ಪರಿಹಾರ ಎಂದು ಕೂಡಿಸುತ್ತ ಹೋದರೆ ಸಾಕು.

ಪಾಲಿಸಿಯಲ್ಲಿ ಎಲ್ಲಿ ನೋಡಬೇಕು

ಎಚ್‌ಓ-3ರ ಮೂಲ ನಮೂನೆಯ ಲಯಬಿಲಿಟಿ ಭಾಗದಲ್ಲಿ ಪ್ರಾಣಿಗಳ ವಿರುದ್ಧ ಏನೂ ಇಲ್ಲ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ವಿಮೆ ಪಡೆದವರ ಪ್ರಾಣಿಯಿಂದ ಮನೆಯ ಹೊರಗೆ ಯಾರಿಗಾದರೂ ಗಾಯವಾದರೂ ಮೆಡಿಕಲ್ ಪೇಮೆಂಟ್ಸ್ ಸಿಗುತ್ತದೆ ಎಂದೇ ಅದರಲ್ಲಿದೆ. ಹೀಗೆ ಕೊಟ್ಟದ್ದನ್ನು ವಾಪಸ್ ಪಡೆಯುವುದು ಎಂಡಾರ್ಸ್‌ಮೆಂಟ್ ಎಂಬ ಹೆಚ್ಚುವರಿ ಹಾಳೆ. ಪಾಲಿಸಿಯ ಮೊದಲ ಪುಟ ಡಿಕ್ಲರೇಷನ್ಸ್ ಪೇಜ್. ಅದರಲ್ಲಿ ಮಿತಿ, ಡಿಡಕ್ಟಿಬಲ್ (ಕ್ಲೇಮಿನಲ್ಲಿ ಮೊದಲು ನೀವೇ ಹೊರಬೇಕಾದ ಮೊತ್ತ), ಪ್ರೀಮಿಯಂಗಳ ಕೆಳಗೆ ನಮೂನೆ ಸಂಖ್ಯೆಗಳ ಒಂದು ಪಟ್ಟಿ ಇರುತ್ತದೆ. ಅಲ್ಲಿ ಅನಿಮಲ್ ಎಂಬ ಪದ ಹುಡುಕಿ. ಸಿಕ್ಕರೆ ಆ ಸಂಖ್ಯೆಯ ಹಾಳೆಯನ್ನು ತೆಗೆದು ಪೂರ್ತಿ ಓದಿ. ಹಾಳೆ ನಿಮ್ಮ ಬಳಿ ಇಲ್ಲದಿದ್ದರೆ ಏಜೆಂಟರಿಂದ ತರಿಸಿಕೊಳ್ಳಿ.

ಹಾಳೆಯ ಮಾತು ನಾಲ್ಕು ಬಗೆಯಲ್ಲಿ ಇರಬಹುದು. ಎಲ್ಲ ಪ್ರಾಣಿಗಳನ್ನೂ ಹೊರಗಿಡುವುದು ಒಂದು. ಆಗ ನಾಯಿಗೂ ರಕ್ಷಣೆಯಿಲ್ಲ. ಹೆಸರಿಸಿದ ಜಾತಿಗಳನ್ನು ಮಾತ್ರ ಹೊರಗಿಡುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಜಾರು: ಕಾಡುಪ್ರಾಣಿ, ಎಕ್ಸಾಟಿಕ್ ಅಥವಾ ಸಾಮಾನ್ಯವಾಗಿ ಮನೆಯಲ್ಲಿ ಸಾಕದ ಪ್ರಾಣಿ ಎಂದು ಅಸ್ಪಷ್ಟವಾಗಿ ಬರೆದಿರುತ್ತದೆ, ಕ್ಲೇಮು ಬಂದ ದಿನವೇ ಅದರ ಅರ್ಥ ನಿರ್ಧಾರವಾಗುತ್ತದೆ. ನಾಲ್ಕನೆಯದರಲ್ಲಿ ರಕ್ಷಣೆ ಇರುತ್ತದೆ, ಆದರೆ ಪ್ರಾಣಿಗಳಿಗೆ ಮಾತ್ರ 25,000 ಅಥವಾ 50,000 ಡಾಲರಿನಂಥ ಒಳಮಿತಿ ಹಾಕಿರುತ್ತಾರೆ. ಮೊದಲ ಪುಟದಲ್ಲಿ 3,00,000 ಎಂದು ದಪ್ಪಕ್ಷರದಲ್ಲಿ ಕಂಡರೂ ಹಾವಿನ ಕಡಿತಕ್ಕೆ ಸಿಗುವುದು ಒಳಹಾಳೆಯ ಮೊತ್ತವೇ. ಕಾನೂನು ಮೀರಿ ಸಾಕಿದ ಪ್ರಾಣಿಗೆ ಏನೂ ಇಲ್ಲ ಎಂಬ ಸಾಲೂ ಹಲವು ಹಾಳೆಗಳಲ್ಲಿ ಇರುತ್ತದೆ.

ಕ್ಯಾಲಿಫೋರ್ನಿಯಾದವರು ಇನ್ನೊಂದನ್ನು ನೋಡಬೇಕು. ಬೇರೆ ಕಂಪನಿ ಸಿಗದೆ ಫೇರ್ ಪ್ಲಾನ್ ಎಂಬ ಕೊನೆಯ ಆಸರೆಯ ವಿಮೆಗೆ ಹೋದವರ ಮನೆ ಪಾಲಿಸಿಯಲ್ಲಿ ಲಯಬಿಲಿಟಿ ಭಾಗವೇ ಇರುವುದಿಲ್ಲ. ಅದಕ್ಕೆ ಡಿಫರೆನ್ಸ್ ಇನ್ ಕಂಡಿಷನ್ಸ್ ಎಂಬ ಎರಡನೆಯ ಪಾಲಿಸಿ ಬೇಕು. ಪ್ರಾಣಿಯ ಷರತ್ತು ಇರುವುದು ಆ ಎರಡನೆಯದರಲ್ಲಿ.

ಬಾಡಿಗೆ ಮನೆಯವರ ಎಚ್‌ಓ-4 ಮತ್ತು ಕಾಂಡೊದವರ (ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಮನೆ ಇರುವವರ) ಎಚ್‌ಓ-6ರಲ್ಲೂ ಇ, ಎಫ್ ಭಾಗಗಳು ಇದೇ ರೀತಿ. ಅವರು ಲೀಸ್ ಅಥವಾ ಸಂಘದ ನಿಯಮವನ್ನೂ ನೋಡಿಕೊಳ್ಳಬೇಕು, ಅಷ್ಟೆ.

ಊರಿಂದ ಬಂದ ಅಪ್ಪ ಅಮ್ಮನಿಗೆ ಕಚ್ಚಿದರೆ?

ನಮ್ಮವರ ಮನೆಗಳಲ್ಲೇ ಹೆಚ್ಚಾಗಿ ಏಳುವ ಪ್ರಶ್ನೆ ಇದು. ಲಯಬಿಲಿಟಿ ಇರುವುದು ಹೊರಗಿನವರಿಗಾಗಿ. ವಿಮೆ ಪಡೆದವರು ಮತ್ತು ಆ ಮನೆಯಲ್ಲೇ ವಾಸವಿರುವ ಅವರ ಬಂಧುಗಳು ಪಾಲಿಸಿಯ ಭಾಷೆಯಲ್ಲಿ ಇನ್ಶೂರ್ಡ್. ಅವರಿಗೆ ಆದ ಗಾಯಕ್ಕೆ ಅದೇ ಪಾಲಿಸಿಯಿಂದ ಹಣ ಬರುವುದಿಲ್ಲ. ಮೆಡಿಕಲ್ ಪೇಮೆಂಟ್ಸ್ ಕೂಡ ಮನೆಯ ಕಾಯಂ ನಿವಾಸಿಗಳಿಗೆ ಇಲ್ಲ. ಎರಡು ವಾರಕ್ಕೆ ಬಂದ ಅತ್ತಿಗೆ ಅತಿಥಿ ಎನ್ನುವುದರಲ್ಲಿ ಅನುಮಾನವಿಲ್ಲ. ಆರು ತಿಂಗಳು ಇದ್ದು, ಸ್ವಂತ ಕೋಣೆ, ಬೀಗದ ಕೈ ಎಲ್ಲ ಇರುವ ಅಪ್ಪ ಅಮ್ಮ ಅತಿಥಿಗಳೋ ಮನೆಯ ನಿವಾಸಿಗಳೋ ಎಂಬುದು ಕಂಪನಿ ವಾದ ಹೂಡಬಹುದಾದ ಜಾಗ. ಅವರು ಬರುವಾಗ ತೆಗೆದುಕೊಂಡ ವಿಸಿಟರ್ ಮೆಡಿಕಲ್ ಇನ್ಶೂರೆನ್ಸ್ ಪಾಲಿಸಿಯೇ ಆಗ ಆಧಾರ. ಅದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ತೀರಾ ಸಣ್ಣ ಮಿತಿಗೆ ಕೊಳ್ಳಬೇಡಿ.

ವಿಮೆಗಿಂತ ಮೊದಲು ಅನುಮತಿ

ಯಾವ ಪ್ರಾಣಿ ಸಾಕಬಹುದು ಎಂಬುದನ್ನು ಹೆಚ್ಚಾಗಿ ರಾಜ್ಯ ನಿರ್ಧರಿಸುತ್ತದೆ. ಕೆಲಸ ಬದಲಾಗಿ ರಾಜ್ಯ ದಾಟುವವರು ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್, ಹೆಜ್‌ಹಾಗ್, ಜರ್ಬಿಲ್, ಶುಗರ್ ಗ್ಲೈಡರ್ ಸಾಕುವಂತಿಲ್ಲ. ಹವಾಯಿಯಲ್ಲಿ ಹಾವಂತೂ ಇಲ್ಲವೇ ಇಲ್ಲ, ಹ್ಯಾಮ್‌ಸ್ಟರ್ ಕೂಡ ಇಲ್ಲ. ಫ್ಲಾರಿಡಾ 2021ರಲ್ಲಿ ಇಗ್ವಾನಾ, ಟೇಗುಗಳನ್ನೂ ಸೇರಿಸಿ 16 ಸರೀಸೃಪಗಳನ್ನು ನಿಷಿದ್ಧ ಪಟ್ಟಿಗೆ ಹಾಕಿತು. ನ್ಯೂಜೆರ್ಸಿಯಲ್ಲಿ ಫೆರೆಟ್‌ಗೂ ಪರ್ಮಿಟ್ ಬೇಕು.

ಕೆಲವು ರಾಜ್ಯಗಳಲ್ಲಿ ವಿಮೆಯನ್ನು ಕಾನೂನೇ ಕೇಳುತ್ತದೆ. ಟೆಕ್ಸಸ್‌ನಲ್ಲಿ ಹುಲಿ, ಚಿರತೆ, ಸರ್ವಲ್, ಕರಡಿ, ಚಿಂಪಾಂಜಿ ಮುಂತಾದ ಅಪಾಯಕಾರಿ ಪ್ರಾಣಿಗಳ ಪಟ್ಟಿಯಿದೆ. ಅವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಿ, ಪ್ರತಿ ಘಟನೆಗೆ ಕನಿಷ್ಠ 1,00,000 ಡಾಲರಿನ ಲಯಬಿಲಿಟಿ ವಿಮೆ ಇಟ್ಟುಕೊಂಡಿರಬೇಕು. ಓಹಾಯೊದಲ್ಲಿ 2011ರ ಅಕ್ಟೋಬರಿನಲ್ಲಿ ಜೇನ್ಸ್‌ವಿಲ್ ಬಳಿ ಒಬ್ಬ ಮಾಲೀಕ ಹುಲಿ, ಸಿಂಹ, ಕರಡಿಗಳ ಪಂಜರ ತೆರೆದುಬಿಟ್ಟ ಮೇಲೆ 2012ರಲ್ಲಿ ಕಾನೂನು ಬಂತು. ಅಲ್ಲಿ ಪ್ರಾಣಿಗಳ ಸಂಖ್ಯೆ ಹೆಚ್ಚಿದಂತೆ ಬೇಕಾಗುವ ವಿಮೆಯ ಮೊತ್ತವೂ ಹೆಚ್ಚುತ್ತದೆ. ದೊಡ್ಡ ಬೆಕ್ಕುಗಳನ್ನು ಖಾಸಗಿಯಾಗಿ ಹೊಸದಾಗಿ ಸಾಕುವುದನ್ನು 2022ರ ಡಿಸೆಂಬರಿನ ಫೆಡರಲ್ ಕಾನೂನು ದೇಶವಿಡೀ ನಿಲ್ಲಿಸಿದೆ.

ರಾಜ್ಯ ಒಪ್ಪಿದರೂ ಕೌಂಟಿ, ನಗರ, ಬಡಾವಣೆಯ ಮನೆ ಮಾಲೀಕರ ಸಂಘ (ಎಚ್‌ಓಎ) ಒಪ್ಪದಿರಬಹುದು. ಪರ್ಮಿಟ್ಟಿನ ಪ್ರತಿ, ಕೊಂಡ ರಸೀದಿ, ವೆಟ್ ದಾಖಲೆಗಳನ್ನು ಒಂದೇ ಫೈಲಿನಲ್ಲಿ ಇಡಿ. ಅಂಡರ್‌ರೈಟರ್ ಕೇಳುವುದು ಇವನ್ನೇ.

ಅರ್ಜಿಯಲ್ಲಿ ಏನು ಬರೆಯಬೇಕು

ಇದ್ದದ್ದನ್ನೇ ಬರೆಯಬೇಕು. ಇದು ನೀತಿಯ ಮಾತಲ್ಲ, ಲೆಕ್ಕದ ಮಾತು. ಕಂಪನಿಯ ತೀರ್ಮಾನವನ್ನು ಬದಲಿಸಬಹುದಾಗಿದ್ದ ಸುಳ್ಳನ್ನು ಮೆಟೀರಿಯಲ್ ಮಿಸ್‌ರೆಪ್ರೆಸೆಂಟೇಷನ್ ಎನ್ನುತ್ತಾರೆ. ಅದು ಬಯಲಾದರೆ ಕಂಪನಿ ಪಾಲಿಸಿಯನ್ನು ಮೊದಲ ದಿನದಿಂದಲೇ ರದ್ದಾದಂತೆ ಮಾಡಲು ಹೊರಡಬಹುದು. ಆಗ ಹಾವಿಗೂ ಅಡುಗೆಮನೆಯ ಬೆಂಕಿಗೂ ಸಂಬಂಧವೇ ಇಲ್ಲದಿದ್ದರೂ ಬೆಂಕಿಯ ಕ್ಲೇಮು ಕೂಡ ಕೈತಪ್ಪುವ ಭಯವಿದೆ. ಬಯಲಾಗುವುದು ಕಷ್ಟವೇನಲ್ಲ. ಪಾಲಿಸಿ ಶುರುವಾದ ಮೊದಲ ಒಂದೆರಡು ತಿಂಗಳಲ್ಲಿ ಹಲವು ಕಂಪನಿಗಳು ಇನ್‌ಸ್ಪೆಕ್ಟರನ್ನು ಕಳಿಸುತ್ತವೆ. ಬೆಂಕಿಯಾದ ಮೇಲೆ ನಷ್ಟದ ಲೆಕ್ಕ ಹಾಕಲು ಬರುವ ಅಡ್ಜಸ್ಟರ್ ಪ್ರತಿ ಕೋಣೆಯ ಫೋಟೊ ತೆಗೆಯುತ್ತಾರೆ. ಸುಟ್ಟ ಸಾಮಾನಿನ ಪಟ್ಟಿಯಲ್ಲಿ ನೀವೇ ಹಾವಿನ ಪೆಟ್ಟಿಗೆಯನ್ನು ಬರೆಯುತ್ತೀರಿ.

ಏಜೆಂಟರ ಜತೆಗಿನ ಮಾತನ್ನು ಫೋನಿನಲ್ಲಿ ಮುಗಿಸಬೇಡಿ. ಪರವಾಗಿಲ್ಲ, ಅದೆಲ್ಲ ಯಾರೂ ಕೇಳುವುದಿಲ್ಲ ಎಂದು ಅವರು ಹೇಳಿದ್ದು ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ. ಒಂದು ಇಮೇಲ್ ಸಾಕು, ಅದರಲ್ಲಿ ಇಷ್ಟು ವಿಷಯ ಬರಲಿ:

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ, ಉದ್ದ ನಾಲ್ಕು ಅಡಿ, ವಿಷವಿಲ್ಲ, ಬೀಗವಿರುವ ಪೆಟ್ಟಿಗೆಯಲ್ಲಿ ಇಡುತ್ತೇವೆ, ಇದುವರೆಗೆ ಯಾರಿಗೂ ಕಚ್ಚಿಲ್ಲ. ಈ ಪಾಲಿಸಿಯಲ್ಲಿ ಇದರಿಂದ ಹೊರಗಿನವರಿಗೆ ಆಗುವ ಗಾಯಕ್ಕೆ ಕವರೇಜ್ ಇ ಮತ್ತು ಎಫ್ ಅನ್ವಯಿಸುತ್ತವೆಯೇ? ಪ್ರಾಣಿಗಳಿಗೆ ಪ್ರತ್ಯೇಕ ಒಳಮಿತಿ ಇದೆಯೇ? ಅನ್ವಯಿಸುವ ಎಂಡಾರ್ಸ್‌ಮೆಂಟಿನ ನಮೂನೆ ಸಂಖ್ಯೆ ಯಾವುದು? ಇನ್ನೊಂದು ಪ್ರಾಣಿ ತಂದರೆ ಎಷ್ಟು ದಿನದೊಳಗೆ ತಿಳಿಸಬೇಕು?

ಉತ್ತರವೂ ಲಿಖಿತವಾಗಿಯೇ ಬರಲಿ. ಒಂದೇ ಕಂಪನಿಯ ಪಾಲಿಸಿ ಮಾರುವ ಏಜೆಂಟರಿಗಿಂತ ಹಲವು ಕಂಪನಿಗಳ ಪಾಲಿಸಿ ಮಾರುವ ಇಂಡಿಪೆಂಡೆಂಟ್ ಏಜೆಂಟರು ಈ ಕೆಲಸಕ್ಕೆ ಮೇಲು. ಯಾವ ಕಂಪನಿ ಯಾವ ಪ್ರಾಣಿಗೆ ಬೇಡ ಎನ್ನುತ್ತದೆ ಎಂಬುದು ಅವರಿಗೆ ಬಾಯಿಪಾಠವಿರುತ್ತದೆ. ಹುಡುಕುವ ಮೊದಲು ನಿಮ್ಮ ಕ್ಲೂ ವರದಿಯನ್ನು ತರಿಸಿಕೊಳ್ಳಿ. ಅದರಲ್ಲಿ ಏಳು ವರ್ಷದವರೆಗಿನ ಕ್ಲೇಮುಗಳ ದಾಖಲೆ ಇರುತ್ತದೆ, ಆ ದಾಖಲೆ ಇಡುವ ಲೆಕ್ಸಿಸ್‌ನೆಕ್ಸಿಸ್ ಕಂಪನಿ ಅದನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಹಳೆಯ ಕಚ್ಚಿದ ಪ್ರಕರಣ ಅಲ್ಲಿದ್ದರೆ ಕಂಪನಿಗೆ ಮೊದಲೇ ಕಾಣುತ್ತದೆ.

ಮರಿ ಮಾಡಿಸಿ ಮಾರುವವರಿಗೆ ಒಂದು ಮಾತು. ಹಣ ಬರತೊಡಗಿದರೆ ಅದು ವ್ಯಾಪಾರ ಎನಿಸಬಹುದು. ವ್ಯಾಪಾರದಿಂದಾದ ಹೊಣೆಯನ್ನು ಮನೆ ಪಾಲಿಸಿ ಹೊರುವುದಿಲ್ಲ. ಹಲವು ಪಾಲಿಸಿಗಳಲ್ಲಿ ವರ್ಷಕ್ಕೆ 2,000 ಡಾಲರ್ ದಾಟಿದರೆ ವ್ಯಾಪಾರ ಎಂಬ ಲೆಕ್ಕವಿದೆ. ಗೆಕ್ಕೊ ಮರಿಗಳನ್ನು ರೆಪ್ಟೈಲ್ ಶೋದಲ್ಲಿ ಮಾರುವವರು ಈ ಗೆರೆಯನ್ನು ತಿಳಿಯದೆ ದಾಟಿರುತ್ತಾರೆ.

ಕಂಪನಿ ಆಗುವುದಿಲ್ಲ ಎಂದರೆ

ಮೂರು ದಾರಿಗಳಿವೆ. ಮೊದಲನೆಯದು, ಪ್ರಾಣಿಯನ್ನು ಹೊರಗಿಟ್ಟ ಎಂಡಾರ್ಸ್‌ಮೆಂಟಿಗೆ ಸಹಿ ಹಾಕಿ ಮನೆಗೆ ಮಾತ್ರ ವಿಮೆ ಪಡೆಯುವುದು. ಬ್ಯಾಂಕಿಗೆ ಇದು ಸಾಕು, ಏಕೆಂದರೆ ಅದಕ್ಕೆ ಬೇಕಾದದ್ದು ಕಟ್ಟಡದ ರಕ್ಷಣೆ. ನಿಮಗೆ ಸಾಲದು.

ಎರಡನೆಯದು, ಹೀಗೆ ಖಾಲಿ ಬಿಟ್ಟ ಜಾಗವನ್ನು ಪ್ರಾಣಿಗೆಂದೇ ಇರುವ ಪ್ರತ್ಯೇಕ ಲಯಬಿಲಿಟಿ ಪಾಲಿಸಿಯಿಂದ ತುಂಬುವುದು. ಇವು ಹೆಚ್ಚಾಗಿ ಸಿಗುವುದು ಸರ್‌ಪ್ಲಸ್ ಲೈನ್ಸ್ ಎಂಬ ಮಾರುಕಟ್ಟೆಯಲ್ಲಿ. ಸಾಮಾನ್ಯ ಕಂಪನಿಗಳು ಮುಟ್ಟದ ಅಪಾಯಗಳನ್ನು ಹೊರುವ ಕಂಪನಿಗಳು ಅಲ್ಲಿವೆ. ನೇರವಾಗಿ ಕೊಳ್ಳಲಾಗದು, ಅದಕ್ಕೆ ಪರವಾನಗಿ ಇರುವ ಬ್ರೋಕರ್ ಬೇಕು. ಹಲವು ರಾಜ್ಯಗಳಲ್ಲಿ ಸಾಮಾನ್ಯ ಕಂಪನಿಗಳು ನಿರಾಕರಿಸಿದ್ದಕ್ಕೆ ದಾಖಲೆ ತೋರಿಸಬೇಕಾಗುತ್ತದೆ, ಹಾಗಾಗಿ ಬಂದ ನಿರಾಕರಣೆ ಪತ್ರಗಳನ್ನು ಎಸೆಯಬೇಡಿ. ಕಂಪನಿ ದಿವಾಳಿಯಾದರೆ ಬಹುತೇಕ ರಾಜ್ಯಗಳಲ್ಲಿ ಇಂಥ ಪಾಲಿಸಿಗೆ ರಾಜ್ಯದ ಗ್ಯಾರಂಟಿ ನಿಧಿಯ ರಕ್ಷಣೆ ಇಲ್ಲ. ಕೊಳ್ಳುವಾಗ ಮಿತಿ, ಡಿಡಕ್ಟಿಬಲ್, ಮನೆಯ ಹೊರಗೂ ಅನ್ವಯಿಸುತ್ತದೆಯೇ, ವಕೀಲರ ಖರ್ಚು ಮಿತಿಯ ಒಳಗೋ ಹೊರಗೋ ಎಂದು ಕೇಳಿ. ಕೊನೆಯ ಪ್ರಶ್ನೆ ಬಹಳ ಮುಖ್ಯ: ಒಳಗೆ ಎಂದಾದರೆ ವಕೀಲರೇ ಅರ್ಧ ಮಿತಿ ತಿಂದುಬಿಡಬಹುದು.

ಮೂರನೆಯದು ಅಂಬ್ರೆಲಾ ಪಾಲಿಸಿ. ಮನೆ ಮತ್ತು ಕಾರು ಪಾಲಿಸಿಗಳ ಮಿತಿ ಮುಗಿದ ಮೇಲೆ ಶುರುವಾಗುವ, ಸಾಮಾನ್ಯವಾಗಿ 10 ಲಕ್ಷ ಡಾಲರಿನ ಲೆಕ್ಕದಲ್ಲಿ ಮಾರುವ ವಿಮೆ ಇದು. ಅಗ್ಗವೇನೋ ಹೌದು. ಆದರೆ ಕೆಳಗಿನ ಪಾಲಿಸಿ ಹೊರಗಿಟ್ಟ ಪ್ರಾಣಿಯನ್ನು ಅಂಬ್ರೆಲಾ ಕೂಡ ಹೊರಗಿಡುವುದೇ ಹೆಚ್ಚು. ತಳದಲ್ಲಿ ರಕ್ಷಣೆ ಇದ್ದಾಗ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಇರುವ ಪಾಲಿಸಿಯನ್ನು ನವೀಕರಿಸುವುದಿಲ್ಲ ಎಂದು ಪತ್ರ ಬಂದರೆ ದಿನಾಂಕ ನೋಡಿ ಆ ವಾರವೇ ಹುಡುಕಲು ಶುರುಮಾಡಿ. ಒಂದು ದಿನವೂ ವಿಮೆ ಇಲ್ಲದೆ ಬಿಡಬೇಡಿ. ಬಿಟ್ಟರೆ ಸಾಲದ ಕಂಪನಿ ತಾನೇ ಒಂದು ಪಾಲಿಸಿ ಹಾಕಿ ಬಿಲ್ಲು ನಿಮಗೆ ಕಳಿಸುತ್ತದೆ. ಹಾಗೆ ಹಣ ವಸೂಲು ಮಾಡುವ ಕನಿಷ್ಠ 45 ದಿನ ಮೊದಲು ಪತ್ರ ಕಳಿಸಬೇಕೆಂಬ ನಿಯಮವಿದೆ. ಫೋರ್ಸ್-ಪ್ಲೇಸ್ಡ್ ಎನ್ನುವ ಈ ವಿಮೆ ದುಬಾರಿ, ಕಾಯುವುದು ಮುಖ್ಯವಾಗಿ ಸಾಲ ಕೊಟ್ಟವರ ಹಿತವನ್ನು. ನಿಮ್ಮ ಸಾಮಾನಿಗೂ ಹೊಣೆಗೂ ಅದರಲ್ಲಿ ಏನೂ ಇರುವುದಿಲ್ಲ.

ಕಡಿತಕ್ಕಿಂತ ಹೆಚ್ಚು ಸಾಧಾರಣವಾದ ನಷ್ಟ: ನೀರು ಮತ್ತು ಬೆಂಕಿ

ಮೀನಿನ ತೊಟ್ಟಿಯನ್ನು ಯಾರೂ ಅಪಾಯಕಾರಿ ಎಂದು ಎಣಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಅಮೆರಿಕನ್ ಗ್ಯಾಲನ್ ನೀರು 8.34 ಪೌಂಡ್. 125 ಗ್ಯಾಲನ್ ತೊಟ್ಟಿಯಲ್ಲಿ ನೀರೇ ಸುಮಾರು 1,040 ಪೌಂಡ್, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ 1,400ರ ಆಸುಪಾಸು. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿ ಕೂರುವುದು ಒಂಬತ್ತು ಚದರಡಿಯ ಮೇಲೆ, ಅಂದರೆ ಚದರಡಿಗೆ 150 ಪೌಂಡಿಗೂ ಹೆಚ್ಚು. ಮನೆಯ ಮರದ ನೆಲವನ್ನು ಸಾಮಾನ್ಯವಾಗಿ ಚದರಡಿಗೆ 40 ಪೌಂಡ್ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ಆ ಲೆಕ್ಕ ಇಡೀ ಕೋಣೆಗೆ ಹಂಚಿದ ಭಾರದ್ದಾದ್ದರಿಂದ ತೊಟ್ಟಿ ಇಟ್ಟ ಕೂಡಲೇ ನೆಲ ಕುಸಿಯುವುದಿಲ್ಲ. ಆದರೆ ತೊಟ್ಟಿಯನ್ನು ನೆಲ ಹೊರುವ ತೊಲೆಗಳಾದ ಜಾಯಿಸ್ಟ್‌ಗಳಿಗೆ ಅಡ್ಡವಾಗಿ, ಹೊರಗೋಡೆಗೆ ಒತ್ತಿ ಇಟ್ಟರೆ ಭಾರ ನಾಲ್ಕೈದು ಜಾಯಿಸ್ಟ್‌ಗಳಿಗೆ ಹಂಚಿಹೋಗುತ್ತದೆ. ಸಮಾನಾಂತರವಾಗಿ ಕೋಣೆಯ ನಡುವೆ ಇಟ್ಟರೆ ಒಂದೆರಡೇ ಹೊರಬೇಕು. ಮಹಡಿಯ ಮೇಲಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ನೋಡಲಿ.

ತೊಟ್ಟಿ ಒಡೆದರೆ ಪರಿಹಾರ ಸಿಗುತ್ತದೆಯೇ? ಎಚ್‌ಓ-3ರಲ್ಲಿ ಕಟ್ಟಡಕ್ಕೆ ಹೊರಗಿಟ್ಟದ್ದನ್ನು ಬಿಟ್ಟು ಎಲ್ಲ ಆಕಸ್ಮಿಕಕ್ಕೂ ರಕ್ಷಣೆ ಇದೆ, ಹಾಗಾಗಿ ಒಮ್ಮೆಲೇ ಒಡೆದು ನೆಲ ಹಾಳಾದರೆ ಸಾಮಾನ್ಯವಾಗಿ ಸಿಗುತ್ತದೆ. ಸಾಮಾನಿಗೆ ಮಾತ್ರ ಹೆಸರಿಸಿದ ಹದಿನಾರು ಕಾರಣಗಳಿಗಷ್ಟೇ ರಕ್ಷಣೆ. ಅವುಗಳಲ್ಲಿ ನೀರು ಬರಬೇಕಾದದ್ದು ಕೊಳಾಯಿ, ಹೀಟಿಂಗ್, ಎಸಿ ವ್ಯವಸ್ಥೆ ಅಥವಾ ಗೃಹೋಪಕರಣದಿಂದ. ಮೀನಿನ ತೊಟ್ಟಿ ಗೃಹೋಪಕರಣವೇ ಎಂಬಲ್ಲಿ ಜಗಳ ಹುಟ್ಟುತ್ತದೆ. ಸಾಮಾನಿಗೂ ವಿಶಾಲ ರಕ್ಷಣೆ ಕೊಡುವ ಎಚ್‌ಓ-5 ಇದ್ದರೆ ಈ ಜಗಳ ಬಹುಪಾಲು ತಪ್ಪುತ್ತದೆ. ತಿಂಗಳುಗಟ್ಟಲೆ ಹನಿಹನಿಯಾಗಿ ಸೋರಿ ನೆಲ ಕೊಳೆತರೆ ಎರಡರಲ್ಲೂ ಸಿಗುವುದು ಕಷ್ಟ.

ಹಾವು, ಓತಿಗಳ ಮನೆಯಲ್ಲಿ ಬೆಂಕಿಯ ಚಿಂತೆ. ಪ್ರಾಣಿ ಮೈ ಕಾಯಿಸಿಕೊಳ್ಳುವ ಬಾಸ್ಕಿಂಗ್ ದೀಪ, ಸಿರಾಮಿಕ್ ಹೀಟರುಗಳು ಗಂಟೆಗಟ್ಟಲೆ ಉರಿಯುತ್ತವೆ. ದೀಪಕ್ಕೆ ಬರೀ ಕ್ಲಿಪ್ ಸಾಲದು, ಸರಪಳಿಯಿಂದಲೋ ಬ್ರಾಕೆಟ್‌ನಿಂದಲೋ ತೂಗುಹಾಕಿ. ಸಿರಾಮಿಕ್ ಹೀಟರಿಗೆ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಪಿಂಗಾಣಿಯದೇ ಬೇಕು. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಬೇಡಿ. ನೀರಿನ ತೊಟ್ಟಿಗೆ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಜಿಎಫ್‌ಸಿಐ ಸಾಕೆಟ್ ಬಳಸಿ, ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ವೈರಿನ ಗುಂಟ ಇಳಿದ ನೀರು ಸಾಕೆಟ್ ಸೇರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಕಚ್ಚಿದ ಮೇಲೆ

ಮೊದಲು ಸೋಪು, ನೀರಿನಲ್ಲಿ ಗಾಯ ತೊಳೆದು ಚಿಕಿತ್ಸೆ ಕೊಡಿಸಿ. ಆಮೇಲೆ ಪಂಜರ, ಬೀಗ, ಸ್ಥಳದ ಫೋಟೊ, ಕಂಡವರ ಹೆಸರು ಬರೆದಿಟ್ಟುಕೊಂಡು ಅದೇ ದಿನ ಕಂಪನಿಗೆ ತಿಳಿಸಿ. ತಡವಾದ ಸೂಚನೆಯೂ ಕ್ಲೇಮು ನಿರಾಕರಿಸಲು ಒಂದು ಕಾರಣವಾಗಬಹುದು. ನೆರೆಯವರಿಗೆ ಎಲ್ಲ ನಾವೇ ಕೊಡುತ್ತೇವೆ ಎಂದು ಬರೆದುಕೊಡಬೇಡಿ. ಹಾಗೆ ನೀವಾಗಿ ಒಪ್ಪಿಕೊಂಡ ಹಣಕ್ಕೆ ಕಂಪನಿ ಹೊಣೆಯಾಗದು. ಕ್ಷೇಮ ವಿಚಾರಿಸಲು, ಆಸ್ಪತ್ರೆಗೆ ಕರೆದೊಯ್ಯಲು ಯಾವ ಅಡ್ಡಿಯೂ ಇಲ್ಲ. ಮೆಡಿಕಲ್ ಪೇಮೆಂಟ್ಸ್ ಭಾಗ ಅಪಘಾತದಿಂದ ಮೂರು ವರ್ಷದೊಳಗಿನ ಖರ್ಚಿಗೆ ಸಿಗುತ್ತದೆ.

ಸಸ್ತನಿ ಕಚ್ಚಿದ್ದರೆ ಆರೋಗ್ಯ ಇಲಾಖೆ ಬರುತ್ತದೆ. ನಾಯಿ, ಬೆಕ್ಕು, ಫೆರೆಟ್‌ಗಳಿಗೆ ರೇಬೀಸ್ ಲಸಿಕೆಗೆ ಮಾನ್ಯತೆಯಿದೆ, ಹತ್ತು ದಿನ ಕಣ್ಣಿಟ್ಟು ನೋಡುವ ಕ್ರಮವಿದೆ. ಕೋತಿ, ತೋಳದ ಮಿಶ್ರತಳಿ ಮುಂತಾದವಕ್ಕೆ ಮಾನ್ಯತೆ ಪಡೆದ ಲಸಿಕೆಯೇ ಇಲ್ಲ. ಹಾಗಾಗಿ ಪ್ರಾಣಿಯನ್ನು ಕೊಂದು ಮೆದುಳಿನ ಪರೀಕ್ಷೆ ಮಾಡಿಸಲು ಆದೇಶ ಬರಬಹುದು, ಅದಕ್ಕೆ ಯಾವ ವಿಮೆಯೂ ಅಡ್ಡ ಬರದು. ಹಾವು, ಹಕ್ಕಿಗಳಿಂದ ರೇಬೀಸ್ ಬರುವುದಿಲ್ಲ. ಆಮೆ, ಓತಿಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕು ಬರಬಹುದು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕಲೆಂದು ಮಾರುವುದನ್ನು ಅಮೆರಿಕ 1975ರಲ್ಲೇ ನಿಷೇಧಿಸಿದ್ದು ಅದೇ ಕಾರಣಕ್ಕೆ.

ಬೆಂಗಳೂರಿನಲ್ಲೂ ಒಂದು ಮನೆ ಇರುವವರಿಗೆ

ಭಾರತದ ಲೆಕ್ಕ ಬೇರೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಭೂಕಂಪ, ಪ್ರವಾಹದಂಥ ಕಾರಣಗಳಿಂದ ಕಟ್ಟಡಕ್ಕೂ ಸಾಮಾನಿಗೂ ಆಗುವ ನಷ್ಟಕ್ಕಾಗಿ. ಅಮೆರಿಕದಂತೆ ಅದರ ಜತೆಗೇ ಬರುವ ದೊಡ್ಡ ಲಯಬಿಲಿಟಿ ಭಾಗ ಇಲ್ಲ. ಸಾರ್ವಜನಿಕ ಹೊಣೆ ಬೇಕಾದರೆ ಅದನ್ನು ಸೇರಿಸಿದ ಪ್ಯಾಕೇಜ್ ಪಾಲಿಸಿ ಕೇಳಿ ಪಡೆಯಬೇಕು, ಪಡೆಯುವಾಗ ಪ್ರಾಣಿಗಳನ್ನು ಹೊರಗಿಟ್ಟ ಷರತ್ತು ಇದೆಯೇ ಎಂದು ಓದಬೇಕು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದಂಡವನ್ನು ವಿಮೆ ಕಟ್ಟುವುದಿಲ್ಲ.

ಮಕಾವ್, ಇಗ್ವಾನಾ, ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿಗಳನ್ನು 2024ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದವರಿಗೆ ಅದಕ್ಕೆ 30 ದಿನ ಕಾಲಾವಕಾಶ. ನಮ್ಮ ಹಿತ್ತಲಿಗೆ ಬರುವ ಹಸಿರು ಗಿಳಿ, ನಕ್ಷತ್ರ ಆಮೆಗಳಿಗೆ ಈ ನೋಂದಣಿಯೂ ಇಲ್ಲ, ವಿಮೆಯ ಪ್ರಶ್ನೆಯೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.